‘ಕಿವಿ ಚುಚ್ಚಿದ ಹಾಗೇ’ ಎಂದಿದ್ದಳು ಪದ್ಮಿನಿ

ಜುರಾಂಗ್ ವೆಸ್ಟಿನ ಆ ಬ್ಲಾಕಿನ ಕೆಳಗೆ, ಲಿಫ್ಟಿನ ಎದುರಿನ ಕಂಬಗಳಿಗೆ ಒಂದು ಕೆಂಪು ಬ್ಯಾನರ್ ಬಿಗಿದು ಕಟ್ಟಿದ್ದರು. 2016ರ ಜನವರಿ. ಈ ಸುತ್ತಮುತ್ತ ಹದಿನೆಂಟು ಮಂದಿಗೆ ಡೆಂಗಿ ಬಂದಿದೆ, ಹೂಕುಂಡದ ತಟ್ಟೆಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ ಎಂದು ಅದು ನಾಲ್ಕು ಭಾಷೆಗಳಲ್ಲಿ ಹೇಳುತ್ತಿತ್ತು. ಅಂಕಿಯ ಜಾಗ ಮಾತ್ರ ಬಿಳಿ. ಆಗಾಗ ಯಾರೋ ಬಂದು ಹಳೆಯ ಅಂಕಿ ಅಳಿಸಿ ಹೊಸದನ್ನು ಬರೆದು ಹೋಗುತ್ತಿದ್ದರು. ಸೊಳ್ಳೆ ಕಚ್ಚಿ ಜ್ವರ ಬಂದವರನ್ನು ಈ ಊರು ಒಬ್ಬೊಬ್ಬರನ್ನಾಗಿ ಎಣಿಸುತ್ತದೆ. ಎಣಿಸಬೇಕಾದದ್ದೇ. ಈ ಕಥೆ ಯಾರೂ ಎಣಿಸದವರದ್ದು.

ಪದ್ಮಿನಿ ಅದೇ ಬ್ಲಾಕಿನ ಒಂಬತ್ತನೇ ಮಹಡಿಯವಳು. ನಂಜನಗೂಡಿನ ಹುಡುಗಿ, ಗಂಡ ದಿವಾಕರನ ಕೆಲಸದ ಪಾಸಿನ ಬೆನ್ನಿಗೆ ಈ ಪರದೇಶಕ್ಕೆ ಬಂದವಳು, ಎಂಟು ವರ್ಷದ ಪ್ರಣತಿಯ ತಾಯಿ. ಪಕ್ಕದ ಬ್ಲಾಕಿನ ನೆಲಮಹಡಿಯಲ್ಲಿದ್ದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ಸೇರಿ ಎರಡು ವರ್ಷವಾಗಿತ್ತು. ಹೆಸರು ಬರೆದುಕೊಳ್ಳುವುದು, ಜ್ವರ ನೋಡುವುದು, ಮಕ್ಕಳ ತೂಕ ಹಾಕುವುದು, ಮಾತ್ರೆಗಳನ್ನು ಪುಟ್ಟ ಚೀಲಕ್ಕೆ ತುಂಬಿ ದಿನಕ್ಕೆ ಎಷ್ಟು ಸಲ ಎಂದು ಹೇಳುವುದು ಅವಳ ಕೆಲಸ.

ಶನಿವಾರ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು ‘ಬೇಬಿ ಸ್ಲಾಟ್’. ಆ ಒಂದು ಗಂಟೆಯಲ್ಲಿ ಹಸುಗೂಸುಗಳಿಗೆ ಕಿವಿ ಚುಚ್ಚುತ್ತಿದ್ದರು. ಅದೇ ಗಂಟೆಯಲ್ಲಿ, ಅದೇ ಮೇಜಿನ ಮೇಲೆ, ಪರದೆ ಎಳೆದು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಮಲಯ ಮನೆಗಳವರು ಫೋನ್ ಮಾಡಿ ಹೆಣ್ಣುಮಗುವಿಗೆ ಸುನತ್ ಮಾಡಿಸಬೇಕು ಅನ್ನುತ್ತಿದ್ದರು. ಗಂಡುಮಕ್ಕಳ ಸುನ್ನತಿ ಎಲ್ಲರಿಗೂ ಗೊತ್ತು. ಹೆಣ್ಣುಮಗುವಿನ ಜನನಾಂಗದಲ್ಲೂ ಒಂದಿಷ್ಟು ಚರ್ಮವನ್ನು ಕತ್ತರಿಸುತ್ತಾರೆ ಅಥವಾ ಗೀರುತ್ತಾರೆ ಎಂಬುದು ಪದ್ಮಿನಿಗೆ ಕೆಲಸಕ್ಕೆ ಸೇರುವವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅವಳು ಅದರ ಬಗ್ಗೆ ಯೋಚಿಸಲಿಲ್ಲ. ಅವರ ಪದ್ಧತಿ, ನಮಗೇಕೆ ಅಂದುಕೊಂಡಳು. ಡಾಕ್ಟರರ ಪುಸ್ತಕದಲ್ಲಿ ಕಿವಿ ಚುಚ್ಚುವುದಕ್ಕೂ ಇದಕ್ಕೂ ಒಂದೇ ಕಲಂ, ‘ಬೇಬಿ ಪ್ರೊಸೀಜರ್’. ಒಳಗೆ ಸಹಾಯಕ್ಕೆ ನಿಲ್ಲುತ್ತಿದ್ದವಳು ಹಿರಿಯ ಸಹಾಯಕಿ ಮೇ ಲಿಂಗ್. ಪದ್ಮಿನಿ ಪರದೆಯ ಈಚೆ. ಈಚೆ ಕೇಳುತ್ತಿದ್ದದ್ದು ಮಗುವಿನ ಅಳು ಮಾತ್ರ, ಆ ಅಳುವಿಗೂ ಕಿವಿ ಚುಚ್ಚಿದ ಅಳುವಿಗೂ ಅವಳ ಕಿವಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಎದುರು ಮನೆಯ ಹಿದಾಯಾ ಅವಳನ್ನು ಹಿಡಿದು ಕೇಳಿದ್ದು ಲಿಫ್ಟಿನ ಮುಂದೆ, ಆ ಕೆಂಪು ಬ್ಯಾನರಿನ ಕೆಳಗೇ. ಹಿದಾಯಾಗೆ ಇಪ್ಪತ್ತನಾಲ್ಕು. ಪಾಸಿರ್ ಪಂಜಾಂಗಿನ ಒಂದು ಹಡಗಿನ ಕಚೇರಿಯಲ್ಲಿ ಕೆಲಸ, ಈಗ ಹೆರಿಗೆ ರಜೆ. ಎದೆಗೆ ಕಟ್ಟಿಕೊಂಡ ಜೋಳಿಗೆಯಲ್ಲಿ ಒಂದೂವರೆ ತಿಂಗಳ ಅಲಿಯಾ ನಿದ್ದೆ ಮಾಡುತ್ತಿತ್ತು. ಅತ್ತೆ ಸುನತ್ ಮಾಡಿಸೋಣ ಅನ್ನುತ್ತಿದ್ದಾರೆ, ಮಗುವಿಗೆ ತುಂಬ ನೋಯುತ್ತದೆಯೇ, ನೀನು ಕ್ಲಿನಿಕ್ಕಿನವಳು, ನಿಜ ಹೇಳು ಎಂದಳು. ಅವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ.

ಪದ್ಮಿನಿಗೆ ತನ್ನನ್ನು ಹೀಗೆ ಕೇಳಿದ್ದು ಹೆಮ್ಮೆ. ಪ್ರಣತಿಗೆ ಕಿವಿ ಚುಚ್ಚಿದ ದಿನ ನೆನಪಾಯಿತು: ಸೋದರಮಾವನ ತೊಡೆಯ ಮೇಲೆ ಮಗು, ಬಾಯಿಗೆ ಕಲ್ಲುಸಕ್ಕರೆ, ಸುತ್ತ ಇಡೀ ಮನೆ.

“ಏನೂ ಇಲ್ಲ, ಕಿವಿ ಚುಚ್ಚಿದ ಹಾಗೇ,” ಅಂದಳು. “ಒಂದು ನಿಮಿಷ ಅಳುತ್ತೆ, ಹಾಲು ಕುಡಿದು ಮಲಗುತ್ತೆ. ನಮ್ಮಲ್ಲೂ ಮಾಡ್ತೀವಲ್ಲ, ಅದೇ.”

ಹಿದಾಯಾಳ ಮುಖ ಸಡಿಲವಾಯಿತು. ಫೆಬ್ರುವರಿ ಹದಿಮೂರು, ಶನಿವಾರ, ಹನ್ನೊಂದು ಗಂಟೆಗೆ ಅಲಿಯಾಳ ಹೆಸರನ್ನು ಪದ್ಮಿನಿಯೇ ತನ್ನ ಕೈಯಾರೆ ಬರೆದುಕೊಂಡಳು.

ತಾನು ನೋಡದೇ ಇದ್ದುದರ ಬಗ್ಗೆ ನೋಡಿದವಳಂತೆ ಹೇಳಿದ್ದೇನೆ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯಲು ಫೆಬ್ರುವರಿ ಆರು ಬರಬೇಕಾಯಿತು.

ಅದೂ ಶನಿವಾರವೇ. ಸೋಮವಾರ ಚೀನೀ ಹೊಸ ವರ್ಷ, ಮೇ ಲಿಂಗ್ ಹತ್ತು ದಿನ ರಜೆ ಹಾಕಿ ಮಲೇಷ್ಯಾದ ತನ್ನ ಊರಿಗೆ ಹೋಗಿದ್ದಳು. ಹನ್ನೊಂದೂಕಾಲಿಗೆ ಡಾಕ್ಟರ್ ಪರದೆಯ ಒಳಗಿನಿಂದ ಪದ್ಮಿನಿಯನ್ನು ಕರೆದರು. ಮೇಜಿನ ಮೇಲೆ ಮೂರು ತಿಂಗಳ ಒಂದು ಹೆಣ್ಣುಮಗು. ಮಂಡಿಗಳನ್ನು ಹಿಡಿದುಕೋ, ಅಲ್ಲಾಡಲು ಬಿಡಬೇಡ ಅಂದರು. ಅವಳು ಹಿಡಿದುಕೊಂಡಳು.

ಎಲ್ಲರಿಗಿಂತ ಹತ್ತಿರವಿದ್ದ ಮುಖ ಅವಳದ್ದೇ ಆದ್ದರಿಂದ ಮಗು ಅವಳನ್ನೇ ನೋಡುತ್ತಿತ್ತು. ಮೊದಲು ನಕ್ಕಿತು. ಆಮೇಲೆ ಕೂಗಿತು. ಶೂ ಲೇಸ್ ಕಟ್ಟುವಷ್ಟು ಹೊತ್ತೂ ಆಗಲಿಲ್ಲ. ಡಾಕ್ಟರ್ ಹತ್ತಿಯ ತುಂಡೊಂದನ್ನು ತಟ್ಟೆಗೆ ಹಾಕಿದರು. ಅದು ಕೆಂಪಗಿತ್ತು. ಪದ್ಮಿನಿಯ ಹೆಬ್ಬೆರಳು ಒತ್ತಿದ್ದ ಕಡೆ ಮಗುವಿನ ಮಂಡಿಯ ಮೇಲೆ ಬಿಳಿಯ ಗುರುತು ಮೂಡಿ, ನಿಧಾನಕ್ಕೆ ಕೆಂಪಾಯಿತು.

ಪರದೆಯ ಆಚೆ ಮಗುವಿನ ತಾಯಿ ಗೋಡೆಯ ಕಡೆಗೆ ತಿರುಗಿ ನಿಂತಿದ್ದಳು. ಅಜ್ಜಿ ಬಾಯಲ್ಲೇ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ಹೋಗುವಾಗ ಪದ್ಮಿನಿಯ ಕೈಗೆ ಖರ್ಜೂರದ ಡಬ್ಬಿಯೊಂದನ್ನು ಕೊಟ್ಟು ಥ್ಯಾಂಕ್ಸ್ ಹೇಳಿದರು. ಅವಳು ತೆಗೆದುಕೊಂಡಳು, ನಕ್ಕಳು ಕೂಡ. ಆಮೇಲೆ ಪುಸ್ತಕದಲ್ಲಿ ‘ಬೇಬಿ ಪ್ರೊಸೀಜರ್, ಒಂದು’ ಎಂದು ಬರೆದಳು. ಆ ಕಲಂನಲ್ಲಿ ಆ ದಿನ ಮೂರು ಇದ್ದವು. ಎರಡು ಕಿವಿ, ಒಂದು ಇದು. ಪುಸ್ತಕ ನೋಡಿದವರಿಗೆ ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ.

ಮರುದಿನ ಭಾನುವಾರ. ಅವಳು ಎಂಆರ್‌ಟಿ ರೈಲು ಹಿಡಿದು ಒಂದು ಗಂಟೆಗೂ ಮೀರಿ ಪ್ರಯಾಣ ಮಾಡಿ ಹೌಗಾಂಗ್‌ಗೆ ಹೋದಳು. ಅಲ್ಲಿ ಅವಳ ಗೆಳತಿ ಗಾರ್ಗಿ ಇದ್ದಳು. ತುಮಕೂರಿನವಳು, ದೊಡ್ಡ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ನರ್ಸು. ಮಾತಿಗೆ ಸಕ್ಕರೆ ಹಾಕುವ ಅಭ್ಯಾಸ ಅವಳಿಗಿಲ್ಲ. ಸಾಲು ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ, ಫ್ಯಾನಿನ ಕೆಳಗೆ ಇಬ್ಬರೂ ಕಾಫಿ ಇಟ್ಟುಕೊಂಡು ಕೂತರು. ಪದ್ಮಿನಿ ಎಲ್ಲವನ್ನೂ ಹೇಳಿದಳು.

“ಕಾಲು ಹಿಡ್ಕೊಂಡೋಳು ನೀನೇನಾ?” ಗಾರ್ಗಿ ಕೇಳಿದಳು.

“ಡಾಕ್ಟರ್ ಹೇಳಿದ್ರು. ಹಿಡ್ಕೊಂಡೆ.”

“ಆ ಮಗೂಗೆ ಏನು ಕಾಯಿಲೆ ಇತ್ತು?”

“ಏನೂ ಇರ್ಲಿಲ್ಲ.”

“ಹೌದಲ್ವಾ? ಏನೂ ಇಲ್ಲದ ಮಗೂನ ಡಾಕ್ಟರ್ ಟೇಬಲ್ ಮೇಲೆ ಹಾಕಿ ಕತ್ತರಿಸಿದ್ದಾರೆ, ನೀನು ಹಿಡ್ಕೊಂಡಿದ್ದೀಯ. ಇಷ್ಟೇ ಕಣೇ ವಿಷಯ. ಇದಕ್ಕಿಂತ ದೊಡ್ಡದಾಗಿ ಹೇಳೋಕೆ ನಂಗೆ ಬರಲ್ಲ.”

ಪದ್ಮಿನಿ ಸುಮ್ಮನಾಗಲಿಲ್ಲ. ತೀರಾ ಸ್ವಲ್ಪವೇ, ಸೂಜಿಯ ಮೊನೆಯಷ್ಟು ಎಂದು ಡಾಕ್ಟರ್ ಹೇಳುತ್ತಾರೆ, ಬೇರೆ ದೇಶಗಳಲ್ಲಿ ಮಾಡುವ ಘೋರಕ್ಕೂ ಇದಕ್ಕೂ ಸಂಬಂಧವಿಲ್ಲವಂತೆ, ಕ್ಲಿನಿಕ್ಕಿನಲ್ಲಿ ಶುಚಿಯಾಗಿ ಮಾಡುತ್ತಾರೆ ಎಂದು ವಾದಿಸಿದಳು. ವಾದಿಸುವಾಗಲೇ ಅವಳಿಗೆ ಗೊತ್ತಿತ್ತು, ತನ್ನನ್ನು ತಾನೇ ಬಿಡಿಸಿಕೊಳ್ಳುತ್ತಿದ್ದೇನೆ ಎಂದು.

“ಸ್ವಲ್ಪ ಅಂತ ಅಳೆದೋರು ಯಾರು?” ಗಾರ್ಗಿ ಲೋಟ ಕೆಳಗಿಟ್ಟಳು. “ಒದ್ದಾಡ್ತಿರೋ ಮಗು. ಕೈ ಚೂರು ಜಾರಿದ್ರೆ ಯಾರಿಗೆ ಗೊತ್ತಾಗುತ್ತೆ ಹೇಳು. ಇಪ್ಪತ್ತು ವರ್ಷ ಆದ್ಮೇಲೆ ಅವಳಿಗೆ ಗೊತ್ತಾಗುತ್ತೆ. ಶುಚಿಯಾಗಿ ಮಾಡ್ತಾರಂತೆ. ಬೇಡದೇ ಇರೋದನ್ನ ಶುಚಿಯಾಗಿ ಮಾಡಿದ್ರೆ ಬೇಕಾದ್ದು ಆಗ್ಬಿಡುತ್ತಾ?”

ಆಮೇಲೆ ಅವಳು ಸಮಾಧಾನವಾಗಿ ತಿಳಿಸಿ ಹೇಳಿದಳು. ವಿಶ್ವ ಆರೋಗ್ಯ ಸಂಸ್ಥೆಯ ಮಾತು ಸ್ಪಷ್ಟವಾಗಿದೆ: ವೈದ್ಯಕೀಯ ಕಾರಣವಿಲ್ಲದೆ ಹೆಣ್ಣಿನ ಜನನಾಂಗಕ್ಕೆ ಮಾಡುವ ಯಾವ ಗಾಯವೂ, ಚುಚ್ಚುವುದು ಗೀರುವುದೂ ಸೇರಿ, ‘ಜನನಾಂಗ ಛೇದನ’ ಎಂಬ ಒಂದೇ ಪಟ್ಟಿಗೆ ಬರುತ್ತದೆ. ಅದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಡಾಕ್ಟರು, ನರ್ಸುಗಳು ಅದನ್ನು ಮಾಡಲೇಬಾರದು. ರಕ್ತ ಹೋಗಬಹುದು, ಸೋಂಕು ತಗಲಬಹುದು, ಆ ಜಾಗದಲ್ಲಿ ಕಲೆ ಉಳಿದು ಮುಂದೆ ನೋವು ಕೊಡಬಹುದು. ತನ್ನ ವಾರ್ಡಿಗೆ ಬರುವ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗಿಯರನ್ನು ಗಾರ್ಗಿ ನೋಡಿದ್ದಳು. ಬೇರೆ ಯಾವುದೋ ತಪಾಸಣೆಗೆ ಬಂದವರು. ಕೆಲವರಿಗೆ ಏನೂ ತೊಂದರೆಯಿಲ್ಲ. ಕೆಲವರಿಗೆ ಮದುವೆಯಾದ ಮೇಲೆ ನೋವು, ಯಾಕೆಂದು ಗೊತ್ತಿಲ್ಲ. ಚಿಕ್ಕವಳಿದ್ದಾಗ ನಿನಗೆ ಏನಾದರೂ ಮಾಡಿಸಿದ್ದರೇ ಎಂದು ಕೇಳಿದರೆ ಅವರು ತಾಯಿಯ ಮುಖ ನೋಡುತ್ತಾರೆ. ತಾಯಿ ನೆಲ ನೋಡುತ್ತಾಳೆ.

ಎಷ್ಟು ಜನಕ್ಕೆ ಆಗಿರಬಹುದು ಎಂದು ಪದ್ಮಿನಿ ಕೇಳಿದಳು.

ಯುನಿಸೆಫ್ ಮೊನ್ನೆ ತಾನೇ ಅಂಕಿ ಕೊಟ್ಟಿದೆ ಎಂದಳು ಗಾರ್ಗಿ. ಮೂವತ್ತು ದೇಶಗಳಲ್ಲಿ ಕನಿಷ್ಠ ಇಪ್ಪತ್ತು ಕೋಟಿ ಹೆಣ್ಣುಮಕ್ಕಳು. ಪಕ್ಕದ ಇಂಡೋನೇಷ್ಯಾದಲ್ಲಿ ಹನ್ನೊಂದು ವರ್ಷದೊಳಗಿನ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು. ಇದನ್ನು ನಿಲ್ಲಿಸಲೆಂದೇ ಜಗತ್ತು ಒಂದು ದಿನ ಇಟ್ಟುಕೊಂಡಿದೆ, ಫೆಬ್ರುವರಿ ಆರು.

“ಅಂದ್ರೆ ನಿನ್ನೆ,” ಅಂದಳು ಪದ್ಮಿನಿ.

“ನಿನ್ನೆ.”

ಈ ಊರಿನದು ಎಷ್ಟು ಎಂಬ ಪ್ರಶ್ನೆಗೆ ಗಾರ್ಗಿ ಕೈ ಚಾಚಿ ತೋರಿಸಿದಳು. ರಸ್ತೆಯಾಚೆಯ ಬ್ಲಾಕಿನ ಕೆಳಗೂ ಒಂದು ಡೆಂಗಿ ಬ್ಯಾನರ್, ಬಿಳಿಯ ಜಾಗದಲ್ಲಿ ಏಳು ಎಂಬ ಅಂಕಿ. “ಅದನ್ನ ಎಣಿಸ್ತಾರೆ,” ಅಂದಳು. “ಇದಕ್ಕೆ ಬೋರ್ಡೂ ಇಲ್ಲ, ಸರ್ಕಾರಿ ಲೆಕ್ಕವೂ ಇಲ್ಲ, ಬೇಡ ಅನ್ನೋ ಕಾನೂನೂ ಇಲ್ಲ. ನಿಮ್ಮ ಡಾಕ್ಟರ ಪುಸ್ತಕದಲ್ಲಿ ಅದಕ್ಕೊಂದು ಹೆಸರೂ ಇಲ್ಲ.”

ವಾಪಸು ಬರುವಾಗ ರೈಲಿನಲ್ಲಿ ಪದ್ಮಿನಿಗೆ ಒಂದೇ ಯೋಚನೆ. ಇನ್ನು ಆರು ದಿನ. ಶನಿವಾರ ಹನ್ನೊಂದಕ್ಕೆ ಅಲಿಯಾ. ಮೇ ಲಿಂಗ್ ಬರುವುದು ಅದರ ನಂತರದ ಸೋಮವಾರ. ಕಾಲು ಹಿಡಿಯುವವಳು ಮತ್ತೆ ತಾನೇ.

ಸೋಮವಾರ ಹೊಸ ವರ್ಷದ ರಜೆ, ದಿವಾಕರ ಮನೆಯಲ್ಲಿದ್ದ. ದೋಸೆ ಹುಯ್ಯುತ್ತಿದ್ದವನಿಗೆ ಅವಳು ವಿಷಯ ಹೇಳಿದಳು, ಎದುರು ಮನೆಗೆ ಹೋಗಿ ಮಾತಾಡುತ್ತೇನೆ ಎಂದಳು. ಅವನು ಸ್ಟೌವ್ ಆಫ್ ಮಾಡಿದ. ಅವನು ಕೆಟ್ಟವನಲ್ಲ, ಹೆದರುವವನು. ಇಲ್ಲೇ ಕಾಯಂ ಆಗಿ ನೆಲೆಸಲು ಪಿಆರ್ ಅರ್ಜಿ ಹಾಕಿ ಐದು ತಿಂಗಳಾಗಿತ್ತು.

“ಇಲ್ಲಿ ಬೇರೆಯವರ ರಿಲಿಜನ್ ಬಗ್ಗೆ ಮಾತಾಡೋದು ಎಷ್ಟು ಸೆನ್ಸಿಟಿವ್ ಅಂತ ಗೊತ್ತಾ ನಿಂಗೆ? ಒಂದು ಕಂಪ್ಲೇಂಟ್ ಹೋದ್ರೆ ಸಾಕು, ಪ್ಯಾಕ್ ಮಾಡ್ಕೊಂಡು ಹೊರಡೋದೇ. ಅವರ ಮಗು, ಅವರ ಪದ್ಧತಿ. ನೀನ್ಯಾವ ದೊಡ್ಡ ಡಾಕ್ಟ್ರು?”

“ರಿಲಿಜನ್ ವಿಷಯ ನಾನು ಎತ್ತೋದೇ ಇಲ್ಲ. ನಾನು ಹೇಳಿದ ಸುಳ್ಳಿನ ವಿಷಯ ಎತ್ತುತ್ತೀನಿ. ಅದು ನಂದೇ ತಾನೆ?”

ಊಟದ ಮೇಜಿನಲ್ಲಿ ಬಣ್ಣ ಹಚ್ಚುತ್ತಿದ್ದ ಪ್ರಣತಿ ತಲೆಯೆತ್ತಿದಳು. “ಬೇಬಿ ಅಲಿಯಾಗೆ ಫೀವರಾ ಅಮ್ಮ?”

“ಇಲ್ಲ ಪುಟ್ಟಿ, ಚೆನ್ನಾಗಿದ್ದಾಳೆ.”

“ಚೆನ್ನಾಗಿದ್ರೆ ಡಾಕ್ಟರ್ ಹತ್ರ ಯಾಕೆ ಹೋಗ್ಬೇಕು ಲಾ? ಫನ್ನಿ.” ಆ ‘ಲಾ’ ಇಲ್ಲಿನ ಶಾಲೆಯಲ್ಲಿ ಕಲಿತದ್ದು.

ಪದ್ಮಿನಿ ಗಂಡನ ಕಡೆ ನೋಡಿದಳು, ನೀನೇ ಹೇಳು ಎನ್ನುವಂತೆ. ದಿವಾಕರ ಮತ್ತೆ ಸ್ಟೌವ್ ಹಚ್ಚಿದ. ಆ ದೋಸೆ ಸೀದುಹೋಯಿತು. ಆಮೇಲೆ ಅವನು ಹೋಗು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ಮಂಗಳವಾರ ಸಂಜೆ ಅವಳು ಎದುರು ಮನೆಯ ಗ್ರಿಲ್ ತಟ್ಟಿದಳು. ಬಾಗಿಲಲ್ಲೇ ನಿಂತು, ಕಲಿತು ಬಂದ ಪಾಠದಂತೆ ಹೇಳಿಬಿಟ್ಟಳು. “ನೋಯುತ್ತಾ ಅಂತ ನೀನು ಕೇಳಿದ್ದೆ. ಕಿವಿ ಚುಚ್ಚಿದ ಹಾಗೇ ಅಂತ ನಾನು ಅಂದಿದ್ದೆ. ನಾನು ಅದನ್ನ ಯಾವತ್ತೂ ನೋಡಿರಲಿಲ್ಲ, ಹಿದಾಯಾ. ಹೋದ ಶನಿವಾರ ನೋಡಿದೆ. ಅದು ಕಿವಿ ಚುಚ್ಚಿದ ಹಾಗೆ ಅಲ್ಲ. ನನ್ನ ಮಾತು ವಾಪಸ್ ತಗೊಳ್ಳೋಕೆ ಬಂದೆ.”

ಹಿದಾಯಾ ಅವಳನ್ನು ತಬ್ಬಿಕೊಳ್ಳಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ. ಅವಳಿಗೆ ಸಿಟ್ಟು ಬಂತು. ನಿನ್ನನ್ನು ಕೇಳಿದ್ದೇ ನೀನು ಕ್ಲಿನಿಕ್ಕಿನವಳು ಎಂದು, ಗೊತ್ತಿಲ್ಲ ಅನ್ನುವುದಕ್ಕೆ ನಿನ್ನ ಬಾಯಿಗೆ ಏನಾಗಿತ್ತು ಎಂದಳು. ನ್ಯಾಯವಾದ ಸಿಟ್ಟು. ಪದ್ಮಿನಿ ಗಾರ್ಗಿಯಿಂದ ಕೇಳಿದ್ದಷ್ಟನ್ನು, ಹೆಚ್ಚಿಲ್ಲ ಕಡಿಮೆಯಿಲ್ಲ, ಹೇಳಿ ಬಂದಳು. ಹಿಂದೆ ಬಾಗಿಲು ಹಾಕಿಕೊಂಡ ಸದ್ದು ಸ್ವಲ್ಪ ಜೋರಾಗಿಯೇ ಕೇಳಿತು.

ಎರಡು ದಿನ ಎದುರು ಮನೆಯಿಂದ ಒಂದು ಮಾತೂ ಇಲ್ಲ. ಗುರುವಾರ ಹಿದಾಯಾ ತಾನಾಗಿಯೇ ಬಂದಳು, ಹೆಗಲ ಮೇಲೆ ಮಗು, ಕೈಯಲ್ಲಿ ಫೋನು. ಗಂಡನನ್ನು ಕೇಳಿದ್ದಳಂತೆ. ಬಂದರಿನ ಟರ್ಮಿನಲ್ಲಿನಲ್ಲಿ ಶಿಫ್ಟು ಮುಗಿಸಿ ಬಂದ ಅವನು ಅದು ಹೆಂಗಸರ ವಿಷಯ, ಅಮ್ಮನನ್ನು ಕೇಳು ಎಂದನಂತೆ. ಅದರಲ್ಲಿ ಏನು ಮಾಡುತ್ತಾರೆ ಎಂದು ಗೊತ್ತಾ ಎಂದರೆ ಅವನಿಗೆ ಗೊತ್ತಿರಲಿಲ್ಲ. ಮಗುವಿನ ಅಪ್ಪನಿಗೇ ಗೊತ್ತಿರಲಿಲ್ಲ.

ಆಮೇಲೆ ಅವಳು ಶಾಲೆಯ ಕಾಲದ ತನ್ನ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಾಲು ಬರೆದಿದ್ದಳು: ‘ನಮಗೆಲ್ಲ ಸುನತ್ ಆಗಿದೆಯಾ?’ ಅವಳೂ ಸೇರಿ ಗುಂಪಿನಲ್ಲಿ ಏಳು ಜನ. ಎಲ್ಲರೂ ಇಪ್ಪತ್ತಮೂರು, ಇಪ್ಪತ್ತನಾಲ್ಕರವರು. ಒಬ್ಬಳು ಟೀಚರ್, ಒಬ್ಬಳು ಬ್ಯಾಂಕಿನಲ್ಲಿ, ಒಬ್ಬಳು ವಿಮಾನದಲ್ಲಿ. ಮೊದಲ ಅರ್ಧ ಗಂಟೆ ನಗುವ ಚಿತ್ರಗಳು ಬಂದವು. ಆಮೇಲೆ ಇಬ್ಬರು ಹೌದು ಎಂದರು. ಉಳಿದವರಿಗೆ ಗೊತ್ತಿರಲಿಲ್ಲ, ಅಮ್ಮಂದಿರನ್ನು ಕೇಳಲು ಹೋದರು. ಬುಧವಾರದ ಹೊತ್ತಿಗೆ ಉತ್ತರ ಬಂತು. ಏಳರಲ್ಲಿ ಆರು. ಆರನೆಯವಳು ಹಿದಾಯಾ.

“ನನ್ನ ಮೈಯ ವಿಷಯ,” ಅಂದಳು ಹಿದಾಯಾ, “ನನಗೆ ನಿನ್ನೆ ಗೊತ್ತಾಯಿತು. ಅದೂ ನಾನೇ ಕೇಳಿದ್ದಕ್ಕೆ.”

ಏಳು ಗೆಳತಿಯರ ಗುಂಪು ಒಂದು ಸಮೀಕ್ಷೆಯಲ್ಲ. ಅದನ್ನು ಇಡೀ ಊರಿನ ಅಂಕಿ ಎಂದು ಯಾರೂ ಹೇಳಬಾರದು. ಆದರೆ ಸರ್ಕಾರ ಎಣಿಸಲಿಲ್ಲ, ಕ್ಲಿನಿಕ್ಕು ಬರೆದಿಡಲಿಲ್ಲ. ಇಪ್ಪತ್ತನಾಲ್ಕರ ಬಾಣಂತಿಯೊಬ್ಬಳು ಮಗುವಿಗೆ ಹಾಲು ಕುಡಿಸುತ್ತ ಹೆಬ್ಬೆರಳಲ್ಲಿ ಟೈಪ್ ಮಾಡಿ ಎಣಿಸಬೇಕಾಯಿತು. ನಾಚಿಕೆಯಾಗಬೇಕಾದದ್ದು ಆ ಏಳು ಜನಕ್ಕಲ್ಲ.

ಹಿದಾಯಾ ತನಗೆ ಪಾಠ ಹೇಳುತ್ತಿದ್ದ ಧರ್ಮದ ಗುರುವಮ್ಮನಿಗೂ ಫೋನ್ ಮಾಡಿದ್ದಳು. ವಿದ್ವಾಂಸರಲ್ಲಿ ಈ ಬಗ್ಗೆ ಭಿನ್ನ ಅಭಿಪ್ರಾಯಗಳಿವೆ, ಕೆಲವರು ಬೇಕು ಅನ್ನುತ್ತಾರೆ, ಹಲವರು ಕಡ್ಡಾಯವಲ್ಲ ಅನ್ನುತ್ತಾರೆ, ನನ್ನನ್ನು ಕೇಳಿದರೆ ಮಗುವಿಗೆ ಹಾನಿಯಾಗುವುದನ್ನು ಧರ್ಮ ಬಯಸುವುದಿಲ್ಲ ಎಂದು ಆಕೆ ಹೇಳಿದ್ದರು. ಈಗ ಉಳಿದವರು ಅತ್ತೆ.

ಅತ್ತೆ ರೊಹಾನಾರನ್ನು ಆ ಮಹಡಿಯವರೆಲ್ಲ ಮಕ್‌ಚಿಕ್ ಎಂದು ಕರೆಯುತ್ತಿದ್ದರು, ನಾವು ಆಂಟಿ ಎಂದ ಹಾಗೆ. ಅರವತ್ತೆರಡು ವರ್ಷ, ಗಟ್ಟಿ ಹೆಂಗಸು. ಪ್ರಣತಿಗೆ ಸಿಡುಬಿನಂಥ ಗುಳ್ಳೆ ಎದ್ದಾಗ ಮೂರು ದಿನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡವರು. ಶುಕ್ರವಾರ ಮಧ್ಯಾಹ್ನ, ಪದ್ಮಿನಿ ಊಟಕ್ಕೆ ಮನೆಗೆ ಬಂದಿದ್ದಾಗ, ಅವರೇ ಬಂದು ಸೋಫಾದ ತುದಿಯಲ್ಲಿ ಕೂತರು. ನೀರು ಕೊಟ್ಟರೆ ಮುಟ್ಟಲಿಲ್ಲ.

“ನಿನ್ನ ಮಗಳಿಗೆ ಕಿವಿ ಚುಚ್ಚಿದ್ದೀರಿ. ಅವಳನ್ನು ಕೇಳಿದ್ದಿರಾ?”

“ಇಲ್ಲ, ಮಕ್‌ಚಿಕ್.”

“ಮತ್ತೆ ನಮಗೆ ಬುದ್ಧಿ ಹೇಳೋಕೆ ಬಂದೆ.”

ನೀವು ಹೇಳುವುದು ಸರಿ, ಕೇಳಬೇಕಿತ್ತು ಅಂದಳು ಪದ್ಮಿನಿ. ಆದರೆ ಅವಳಿಗೆ ಬೇಡವಾದರೆ ಓಲೆ ತೆಗೆದಿಡಬಹುದು, ಇದನ್ನು ತೆಗೆದಿಡಲು ಬರುವುದಿಲ್ಲ ಅಂದಳು.

ಮಕ್‌ಚಿಕ್ ತಮ್ಮ ಕಡೆಯದನ್ನು ಒಂದೊಂದಾಗಿ ಮುಂದಿಟ್ಟರು. ನನ್ನ ಅಜ್ಜಿಗೆ ಆಗಿದೆ, ಅಮ್ಮನಿಗೆ ಆಗಿದೆ, ನನಗೆ ಆಗಿದೆ. ಮಾಡಿಸದಿದ್ದರೆ ಶುಚಿಯಲ್ಲ ಅನ್ನುತ್ತಾರೆ. ಹುಡುಗಿ ದೊಡ್ಡವಳಾದಾಗ ಹದ್ದು ಮೀರುತ್ತಾಳೆ ಅನ್ನುತ್ತಾರೆ. ಯಾರು ಅನ್ನುತ್ತಾರೆ ಎಂದು ಪದ್ಮಿನಿ ಕೇಳಿದಾಗ, ಎಲ್ಲರೂ ಎಂದರು. ಆಮೇಲೆ, ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ ಎಂದೂ ಹೇಳಿದರು. ಎರಡೂ ಮಾತು ಒಟ್ಟಿಗೆ ನಿಲ್ಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ಪದ್ಮಿನಿಗೆ ವಾದ ಮಾಡಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಕ್ಲಿನಿಕ್ಕಿನ ಕೆಲಸ. ಅದನ್ನೇ ಹೇಳಿದಳು.

“ಮಕ್‌ಚಿಕ್, ನಾಳೆ ಮೇ ಲಿಂಗ್ ಇರಲ್ಲ. ಒಳಗೆ ಮಗುವಿನ ಕಾಲು ಯಾರಾದರೂ ಹಿಡಿಯಬೇಕು. ಮಂಡಿ ಎರಡೂ ಹಿಡಿದು ಅಗಲಿಸಿ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ಬ್ಲೇಡು ತಪ್ಪುತ್ತೆ. ನಾನು ಹಿಡಿಯಲ್ಲ. ಕೆಲಸ ಹೋದರೂ ಹಿಡಿಯಲ್ಲ. ನೀವು ಬಂದು ಹಿಡಿದುಕೊಳ್ಳಬೇಕಾಗುತ್ತೆ.”

ಮಕ್‌ಚಿಕ್ ತಲೆಯೆತ್ತಿದರು.

“ಅಲಿಯಾ ನಿಮ್ಮ ಮುಖ ನೋಡ್ತಿರ್ತಾಳೆ,” ಅಂದಳು ಪದ್ಮಿನಿ. “ಆ ಮಗು ನನ್ನ ಮುಖ ನೋಡ್ತಿತ್ತು. ಮೊದಲು ನಕ್ಕಿತು.”

ರೊಹಾನಾ ತಮ್ಮ ಮೂವರು ಹೆಣ್ಣುಮಕ್ಕಳಿಗೂ ಇದನ್ನು ಮಾಡಿಸಿದ್ದರು. ಮೂರು ಸಲವೂ ಪರದೆಯ ಈಚೆಯೇ ನಿಂತಿದ್ದರು. ಅವರ ತಾಯಿಯೂ ಈಚೆ ನಿಂತವರೇ. ನಿರ್ಧಾರ ಮಾಡುವವರು ಒಂದು ಕಡೆ, ಹಿಡಿಯುವವರು ಇನ್ನೊಂದು ಕಡೆ. ನಡುವೆ ಒಂದು ಹಸಿರು ಬಟ್ಟೆ. ಇಷ್ಟು ವರ್ಷ ಈ ಪದ್ಧತಿ ನಿಂತಿದ್ದು ಆ ಬಟ್ಟೆಯ ಆಸರೆಯಲ್ಲಿ.

ಮಕ್‌ಚಿಕ್ ಎದ್ದರು. ನೀರಿನ ಲೋಟ ಹಾಗೇ ಇತ್ತು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ನನಗೊಬ್ಬಳು ತಂಗಿಯಿದ್ದಳು ಎಂದರು. ಹಳ್ಳಿಯಲ್ಲಿ ಸೂಲಗಿತ್ತಿ ಮಾಡಿದ್ದು. ಎಂಟು ದಿನ ಜ್ವರ ಬಂದಿತ್ತು. ಬದುಕಿಕೊಂಡಳು. ಜ್ವರ ಯಾಕೆ ಬಂತು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಷ್ಟು ಹೇಳಿ ಎದುರು ಮನೆಯೊಳಗೆ ಹೋದರು. ನಾಳೆ ಬರುತ್ತೇವೆ ಎಂದೋ ಇಲ್ಲ ಎಂದೋ ಹೇಳಲಿಲ್ಲ.

ಶನಿವಾರ ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಕ್ಲಿನಿಕ್ಕಿನ ಗಾಜಿನ ಬಾಗಿಲು ತೆರೆದುಕೊಂಡಿತು. ಮಕ್‌ಚಿಕ್ ಮುಂದೆ, ಅವರ ತೋಳಿನಲ್ಲಿ ಅಲಿಯಾ, ಹಿಂದೆ ಹಿದಾಯಾ. ಹಿದಾಯಾಳ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ನಂಬರ್ ಕರೆದರು. ಮಕ್‌ಚಿಕ್ ಎದ್ದು ಒಳಗೆ ಹೋದರು, ಬಾಗಿಲು ಹಾಕಲು ಬಿಡದೆ ಅಲ್ಲೇ ನಿಂತರು. ಹೊರಗೆ ಕೂತವರಿಗೆಲ್ಲ ಕೇಳುವಂತೆ ಹೇಳಿದರು:

“ಡಾಕ್ಟರ್, ನನ್ನ ಮೊಮ್ಮಗಳು ಆರೋಗ್ಯವಾಗಿದ್ದಾಳೆ. ತೂಕ ಮಾತ್ರ ನೋಡಿ.”

ಡಾಕ್ಟರ್ ಒಮ್ಮೆ ಮಕ್‌ಚಿಕ್‌ರನ್ನೂ ಒಮ್ಮೆ ಪುಸ್ತಕವನ್ನೂ ನೋಡಿದರು. ಇಲ್ಲಿ ಬೇಡವೆಂದರೆ ಜನ ಎಲ್ಲಿಯೋ ಯಾವುದೋ ಮನೆಯಲ್ಲಿ, ಯಾವುದೋ ಮುದುಕಿಯ ಕೈಯಲ್ಲಿ ಮಾಡಿಸುತ್ತಾರೆ, ಅದಕ್ಕಿಂತ ಇದು ಸುರಕ್ಷಿತ ಎಂದರು. ಅದು ಅವರು ಯಾವಾಗಲೂ ಹೇಳುವ ಮಾತು.

“ನಾನು ಬೇರೆ ಎಲ್ಲಿಗೂ ಹೋಗುತ್ತಿಲ್ಲ,” ಅಂದರು ಮಕ್‌ಚಿಕ್. “ಮನೆಗೆ ಹೋಗುತ್ತಿದ್ದೇನೆ.”

ಪದ್ಮಿನಿ ಅಲಿಯಾಳನ್ನು ತಕ್ಕಡಿಯ ಮೇಲೆ ಮಲಗಿಸಿದಳು. ಐದು ಕಿಲೋ ನೂರು ಗ್ರಾಂ. ಮಗು ಅವಳ ಮುಖ ನೋಡಿ ನಕ್ಕಿತು, ಕಾಲು ಬಡಿಯಿತು. ಆ ಕಾಲನ್ನು ಯಾರೂ ಹಿಡಿಯಲಿಲ್ಲ.

ಮರುವಾರ ಬ್ಲಾಕಿನ ಕೆಳಗೆ, ಕಂಬಗಳ ನಡುವಿನ ತೆರೆದ ಜಾಗವಾದ ವಾಯ್ಡ್ ಡೆಕ್ಕಿನಲ್ಲಿ ಅಲಿಯಾಳ ಮೊದಲ ಕೂದಲು ತೆಗೆಯುವ ಶಾಸ್ತ್ರ, ಊಟ ಎಲ್ಲ ನಡೆಯಿತು. ಪ್ರಾರ್ಥನೆಯಲ್ಲಿ ಏನೂ ಕಡಿಮೆಯಾಗಲಿಲ್ಲ, ಅಡುಗೆಯಲ್ಲೂ ಆಗಲಿಲ್ಲ. ಪದ್ಮಿನಿಯ ಮನೆಯವರಿಗೆಂದು ತರಕಾರಿಯದನ್ನು ಬೇರೆ ಮಾಡಿಸಿದ್ದರು. ದಿವಾಕರ ಎರಡು ಸಲ ಹಾಕಿಸಿಕೊಂಡ.

ಇಲ್ಲಿಗೆ ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲಿಯಾ ಬಂದ ಅದೇ ಶನಿವಾರ ಹನ್ನೊಂದೂವರೆಗೆ ಇನ್ನೊಂದು ಹೆಣ್ಣುಮಗು ಬಂದಿತ್ತು. ಪದ್ಮಿನಿ ಒಳಗೆ ಹೋಗಲು ಒಪ್ಪಲಿಲ್ಲ. ಡಾಕ್ಟರ್ ಸಿಡುಕಿ, ಮೇ ಲಿಂಗ್ ಬಂದ ಮೇಲೆ ಬನ್ನಿ ಎಂದು ಅವರಿಗೆ ಬೇರೆ ದಿನ ಕೊಟ್ಟರು. ಅವರು ಆ ದಿನ ಬಂದರು, ಮಾಡಿಸಿಕೊಂಡು ಹೋದರು. ಪುಸ್ತಕದಲ್ಲಿ ಮತ್ತೆ ‘ಬೇಬಿ ಪ್ರೊಸೀಜರ್, ಒಂದು’. ಆಮೇಲೆ ಸುನತ್‌ಗೆಂದು ಫೋನ್ ಮಾಡಿದವರಿಗೆಲ್ಲ ಪದ್ಮಿನಿ ಹೆಸರು ಬರೆದುಕೊಳ್ಳುವ ಮೊದಲು ಮೂರು ಮಾತು ಹೇಳತೊಡಗಿದಳು: ಇದರಿಂದ ಆರೋಗ್ಯಕ್ಕೆ ಲಾಭವಿಲ್ಲ, ಇದು ಕಿವಿ ಚುಚ್ಚಿದ ಹಾಗಲ್ಲ, ಮಗುವಿನ ಕಾಲು ಹಿಡಿಯಲು ನೀವೇ ಒಳಗೆ ಬರಬೇಕು. ಕೆಲವರು ಫೋನ್ ಇಟ್ಟರು. ಕೆಲವರು ಯೋಚಿಸಿ ಹೇಳುತ್ತೇವೆ ಎಂದರು. ಇಬ್ಬರು ಮತ್ತೆ ಫೋನ್ ಮಾಡಲೇ ಇಲ್ಲ. ಏಪ್ರಿಲ್ ಬರುವ ಮೊದಲೇ ಅವಳ ಕೆಲಸ ಹೋಯಿತು. ಡೆಂಗಿಯ ಬ್ಯಾನರಿನಲ್ಲಿ ಆಗ ಇಪ್ಪತ್ತಮೂರು ಎಂದಿತ್ತು.

ಈಗ ಇದನ್ನು ಓದುತ್ತಿರುವ, ಯಾರೋ ಓದಿ ಹೇಳುವಾಗ ಕೇಳುತ್ತಿರುವ ನಿಮಗೆ ಒಂದು ಮಾತು.

ಇದು ನಮ್ಮ ಜನದ ವಿಷಯವಲ್ಲ ಎಂದು ಪುಟ ತಿರುಗಿಸಬೇಡಿ. ಕಾಲು ಹಿಡಿದವಳು ನಂಜನಗೂಡಿನ ಪದ್ಮಿನಿ. ಅಂಥ ಕ್ಲಿನಿಕ್ಕುಗಳಲ್ಲಿ, ಆಸ್ಪತ್ರೆಗಳಲ್ಲಿ, ಎದುರು ಮನೆಗಳಲ್ಲಿ ನಾವಿದ್ದೇವೆ. ನಮ್ಮ ಭಾರತದಲ್ಲೂ ಕೆಲವು ಮನೆಗಳಲ್ಲಿ ಇದು ಸದ್ದಿಲ್ಲದೆ ನಡೆಯುತ್ತದೆ. ಇದನ್ನು ಹಿಡಿದುಕೊಂಡು ಒಂದು ಜನಾಂಗವನ್ನು ಹಂಗಿಸುವವರು ನೀವಾಗಿದ್ದರೆ ದಯವಿಟ್ಟು ದೂರವಿರಿ. ನಿಮ್ಮಿಂದ ಒಂದು ಮಗುವಿಗೂ ಉಪಕಾರವಿಲ್ಲ. ಆ ಮನೆಗಳ ಹುಡುಗಿಯರೇ ಈಗ ಪ್ರಶ್ನೆ ಕೇಳುತ್ತಿದ್ದಾರೆ. ಅವರು ಕೇಳುವಾಗ ಜೊತೆಗೆ ನಿಲ್ಲಿ, ಅವರ ಮುಂದೆ ನಿಲ್ಲಬೇಡಿ.

ನೀವು ಡಾಕ್ಟರಾಗಿದ್ದರೆ, ಆರೋಗ್ಯವಂತ ಮಗುವಿನ ಮೇಲೆ ಕೈ ಇಡಬೇಡಿ. ನರ್ಸಾಗಿದ್ದರೆ, ಹಿಡಿಯುವುದಿಲ್ಲ ಅನ್ನಿ. ಆಮೇಲೆ ಯಾರಾದರೂ ತಾಯಿ ನಿಮ್ಮನ್ನು ಲಿಫ್ಟಿನ ಮುಂದೆ ನಿಲ್ಲಿಸಿ ಕೇಳಿದರೆ, ಗೊತ್ತಿದ್ದರೆ ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಗೊತ್ತಿರುವವರ ಹತ್ತಿರ ಕರೆದುಕೊಂಡು ಹೋಗಿ. ನೋಡದೇ ಇದ್ದುದನ್ನು ‘ಏನೂ ಇಲ್ಲ’ ಎಂದು ಹೇಳಬೇಡಿ.

ನಿಮ್ಮ ಮನೆಯಲ್ಲೇ ಈ ಮಾತು ಬಂದಿದ್ದರೆ, ದಿನ ಗೊತ್ತು ಮಾಡುವ ಮೊದಲು ಒಂದು ಕೆಲಸ ಮಾಡಿ. ಆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಿ. ಅದರ ಎರಡು ಮಂಡಿಗಳನ್ನು ಮೆಲ್ಲಗೆ ಹಿಡಿಯಿರಿ. ಅದು ನಿಮ್ಮ ಮುಖ ನೋಡುತ್ತದೆ, ನೋಡಿ ನಗುತ್ತದೆ. ಆಗ ಕೈ ಬಿಡಿ.